ಟೆರೇಸಿನ ಮೇಲೆ ಟವರ್
(ಉರ್ವದ ಮಹಿಳಾ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಎರಡು ವಾರದಿಂದ ನಮ್ಮ ಕೇಂದ್ರದಲ್ಲಿ ಪಾಠಕ್ಕಿಂತ ಟವರಿನ ಮಾತೇ ಹೆಚ್ಚಾಗಿದೆ. "ಟೀಚರ್, ನಮ್ಮ ಪಕ್ಕದ ಬಿಲ್ಡಿಂಗಿನ ಟೆರೇಸಿನಲ್ಲಿ ಮೊಬೈಲ್ ಟವರ್ ಹಾಕ್ತಾರಂತೆ. ಅದರಿಂದ ಕ್ಯಾನ್ಸರ್ ಬರ್ತದಂತೆ, ಹೌದಾ?" ಎಂದು ಒಬ್ಬರು ಕೇಳಿದರು. "ಬಸುರಿ ಹೆಂಗಸರು ಆ ದಾರಿಯಲ್ಲೇ ಹೋಗಬಾರದಂತೆ" ಎಂದು ಇನ್ನೊಬ್ಬರು ಹೇಳಿದರು. ಮತ್ತೊಬ್ಬರದು ಬೇರೆಯೇ ಕತೆ. ನಿಮ್ಮ ಜಾಗ ಟವರಿಗೆ ಕೊಡಿ, ತಿಂಗಳು ತಿಂಗಳು ಬಾಡಿಗೆ ಬರುತ್ತದೆ ಎಂದು ಅವರಿಗೆ ಫೋನ್ ಬಂದಿದೆಯಂತೆ.

ಎಲ್ಲವೂ ಅಂತೆ, ಕಂತೆ. ಅಂತೆ ಎನ್ನುವ ಮಾತಿಗೆ ಹೆದರಿ ಕೂತುಕೊಂಡರೂ ಕಷ್ಟ. ನಕ್ಕು ಬಿಟ್ಟರೂ ಕಷ್ಟ. ಆದ್ದರಿಂದ ನಾವು ಓದಿ, ತಿಳಿದವರನ್ನು ಕೇಳಿ, ಗೊತ್ತಾದದ್ದನ್ನು ಇಲ್ಲಿ ಹೇಳುತ್ತೇವೆ.

ಟವರ್ ಎಂತ ಮಾಡ್ತದೆ? ನೀವು ಫೋನಿನಲ್ಲಿ ಮಾತಾಡಿದ್ದು ರೇಡಿಯೋ ಅಲೆಯಾಗಿ ಹತ್ತಿರದ ಟವರಿಗೆ ಹೋಗುತ್ತದೆ. ಆ ಟವರಿನಿಂದ ಮುಂದಕ್ಕೆ ಹೋಗಿ, ಕೊನೆಗೆ ದುಬೈಯಲ್ಲಿರುವ ನಿಮ್ಮ ಮಗನ ಫೋನಿಗೆ ಮುಟ್ಟುತ್ತದೆ. ರೇಡಿಯೋ ಅಲೆ ನಮಗೆ ಹೊಸತಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಬೀಡಿ ಕಟ್ಟುತ್ತಾ ರೇಡಿಯೋ ಕೇಳಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಆ ಹಾಡು ನಿಮ್ಮ ಮನೆಗೆ ಬಂದದ್ದೂ ಇಂಥದೇ ಅಲೆಯ ಮೇಲೆ. ಮೊಬೈಲ್ ನಮ್ಮ ದೇಶಕ್ಕೆ ಬಂದದ್ದು 1995ರಲ್ಲಿ. ಆಗ ಟವರ್ ಊರಿಗೊಂದು ಇದ್ದರೆ ಹೆಚ್ಚು. ಈಗ ಎಲ್ಲರ ಕೈಯಲ್ಲೂ ಫೋನ್ ಉಂಟು, ಹಾಗಾಗಿ ಟವರ್ ನಮ್ಮ ಮನೆಯ ಹತ್ತಿರಕ್ಕೇ ಬಂದಿದೆ.

ಈ ಅಲೆಗೆ ವಿಕಿರಣ ಎಂದು ಹೆಸರು. ಆ ಹೆಸರು ಕೇಳಿದರೇ ಹೆದರಿಕೆ. ವಿಕಿರಣದಲ್ಲಿ ಎರಡು ಜಾತಿ ಉಂಟು. ಎಕ್ಸ್‌ರೇ ಒಂದು ಜಾತಿ. ಅದು ನಮ್ಮ ಮೈಯ ಒಳಗಿನ ಕಣಗಳನ್ನು ಒಡೆಯಬಲ್ಲದು. ಅದಕ್ಕೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಮೊದಲು "ಬಸುರಿಯಾ?" ಎಂದು ಕೇಳುತ್ತಾರೆ. ರೇಡಿಯೋ ಅಲೆ ಇನ್ನೊಂದು ಜಾತಿ. ಅದಕ್ಕೆ ಹಾಗೆ ಒಡೆಯುವ ಶಕ್ತಿ ಇಲ್ಲ. ಬಹಳ ಜೋರಾಗಿದ್ದರೆ ಅದು ಬಿಸಿ ಮಾಡುತ್ತದೆ. ಪೇಟೆಯ ಬೇಕರಿಯಲ್ಲಿ ಪಫ್ಸ್ ಬಿಸಿ ಮಾಡುವ ಓವನ್ ಇರುತ್ತದಲ್ಲ, ಅದು ಕೆಲಸ ಮಾಡುವುದು ಹೀಗೆಯೇ. ಹಾಗಾದರೆ ಟವರಿನ ಅಲೆ ನಮಗೆ ಮುಟ್ಟುವಾಗ ಎಷ್ಟು ಜೋರು ಇರುತ್ತದೆ? ಕೇಳಬೇಕಾದ ಪ್ರಶ್ನೆ ಅದು.

ಇದಕ್ಕೆ ಸರಕಾರ ಒಂದು ಮಿತಿ ಹಾಕಿದೆ. ಬೇರೆ ತುಂಬಾ ದೇಶಗಳು ಒಪ್ಪಿದ ಅಂತರರಾಷ್ಟ್ರೀಯ ಮಿತಿ ಒಂದು ಉಂಟು. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶ ಅದರ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಮಿತಿ ಎಂದು ಮಾಡಿತು. ಲೆಕ್ಕ ಹೀಗೆ. ಹಳೆಯ ಬಟನ್ ಫೋನು ಬಳಸುವ ಒಂದು ಬಗೆಯ ಅಲೆಗೆ, ಒಂದು ಚದರ ಮೀಟರ್ ಜಾಗದ ಮೇಲೆ ಅರ್ಧ ವ್ಯಾಟಿಗಿಂತ ಸ್ವಲ್ಪ ಕಡಿಮೆ. ಮಧ್ಯಾಹ್ನದ ಬಿಸಿಲು ಅಷ್ಟೇ ಜಾಗದ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತದೆ. ಬಿಸಿಲೂ ಟವರಿನ ಅಲೆಯೂ ಒಂದೇ ಅಲ್ಲ. ಆದರೆ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂದು ಅಂದಾಜು ಸಿಗಲಿ ಎಂದು ಹೇಳಿದೆವು.

ಈಗ ಕ್ಯಾನ್ಸರಿನ ಮಾತು. ಇದನ್ನು ನಿಧಾನಕ್ಕೆ ಕೇಳಿ. ಅರ್ಧ ಕೇಳಿದರೆ ಹೆದರಿಕೆ ಹೆಚ್ಚಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಂಟು. ಯಾವ ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಅದು ಪಟ್ಟಿ ಮಾಡುತ್ತದೆ. ಒಂದನೇ ಪಟ್ಟಿ, ಬರುತ್ತದೆ ಎಂದು ಖಚಿತವಾದದ್ದು. ಎರಡನೇ ಪಟ್ಟಿಯಲ್ಲಿ ಎರಡು ಭಾಗ. ಮೊದಲನೆಯದು, ಬರುವ ಸಂಭವ ಹೆಚ್ಚು ಎನ್ನುವುದು. ಇನ್ನೊಂದು, ಸಣ್ಣ ಸಂಶಯ ಉಂಟು, ಸಾಕ್ಷಿ ಸಾಲದು ಎನ್ನುವುದು. 2011ರಲ್ಲಿ ರೇಡಿಯೋ ಅಲೆಯನ್ನು ಈ ಕೊನೆಯ ಭಾಗದಲ್ಲಿ ಸೇರಿಸಿದರು. ಅದೂ ಮುಖ್ಯವಾಗಿ, ಫೋನನ್ನು ಕಿವಿಗೆ ಒತ್ತಿ ವರ್ಷಗಟ್ಟಲೆ ಬಹಳ ಹೊತ್ತು ಮಾತಾಡಿದವರ ಲೆಕ್ಕ ನೋಡಿ. ಆಮೇಲೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ ಹೊರಬಂತು. ಮೊಬೈಲ್ ಫೋನ್ ಬಳಸುವುದಕ್ಕೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ಸಂಶೋಧನೆ ಮುಂದೆಯೂ ನಡೆಯುತ್ತದೆ. ಆದರೆ ಇಷ್ಟು ವರ್ಷ, ಇಷ್ಟು ಕೋಟಿ ಜನ ಬಳಸಿದ ಮೇಲೂ ಸಂಶಯ ದೊಡ್ಡದಾಗಲಿಲ್ಲ.

ಖಚಿತ ಎನ್ನುವ ಒಂದನೇ ಪಟ್ಟಿಯಲ್ಲಿ ಏನೇನು ಉಂಟು ಗೊತ್ತಾ? ಹೊಗೆಸೊಪ್ಪು. ಅಡಿಕೆ. ಡೀಸೆಲ್ ಹೊಗೆ. ನಮ್ಮ ಜಿಲ್ಲೆಯಲ್ಲಿ ಅಡಿಕೆಯ ಬಗ್ಗೆ ಹೀಗೆ ಹೇಳಿದರೆ ತೋಟದವರಿಗೆ ಬೇಸರ ಆಗಬಹುದು. ಆದರೆ ಬಾಯಿ ತುಂಬ ವೀಳ್ಯ, ಹೊಗೆಸೊಪ್ಪು ಹಾಕಿಕೊಂಡು "ಟವರಿನಿಂದ ಕ್ಯಾನ್ಸರ್ ಬರ್ತದೆ" ಎಂದು ಹೆದರುವುದು ನಮಗೆ ಸರಿ ಕಾಣುವುದಿಲ್ಲ. ಸೌದೆಯ ಹೊಗೆ ಎರಡನೇ ಪಟ್ಟಿಯ ಮೊದಲ ಭಾಗದಲ್ಲಿದೆ, ಟವರಿಗಿಂತ ಒಂದು ಮೆಟ್ಟಿಲು ಮೇಲೆ. ಬಚ್ಚಲಿನ ಹಂಡೆಯ ಒಲೆ ಊದುವುದು ಯಾರು? ನಾವೇ. ಆ ಒಲೆಯ ಹೊಗೆ ಹೊರಗೆ ಹೋಗಲಿಕ್ಕೆ ಕಿಂಡಿ ಉಂಟಾ ಎಂದು ಇವತ್ತು ಮನೆಗೆ ಹೋಗಿ ನೋಡಿ.

ಡೀಸೆಲ್ ಹೊಗೆ ಎಂದೆವಲ್ಲ. ಕರೆಂಟ್ ಹೋದಾಗ ಟವರ್ ನಡೆಯಲಿಕ್ಕೆ ಕೆಲವು ಕಡೆ ಜನರೇಟರ್ ಇಡುತ್ತಾರೆ. ಮಳೆಗಾಲದಲ್ಲಿ ನಮ್ಮ ಊರಿನ ಕರೆಂಟಿನ ಅವಸ್ಥೆ ನಿಮಗೆ ಗೊತ್ತೇ ಉಂಟು. ಆ ಜನರೇಟರಿನ ಹೊಗೆ ಪಕ್ಕದ ಮನೆಯ ಕಿಟಕಿಗೆ ನುಗ್ಗಿದರೆ, ರಾತ್ರಿ ಇಡೀ ಗಡಗಡ ಶಬ್ದ ಬಂದರೆ, ಅದು ನಿಜವಾದ ತೊಂದರೆ. ಕಣ್ಣಿಗೆ ಕಾಣುವ, ಮೂಗಿಗೆ ಬರುವ ತೊಂದರೆ. ಕಾಣದ ಅಲೆಗೆ ಹೆದರಿ, ಕಾಣುವ ಹೊಗೆಗೆ ಸುಮ್ಮನಿರುವುದು ಯಾಕೆ?

ಇನ್ನೊಂದು, ಕಬ್ಬಿಣ. ನಮ್ಮದು ಸಮುದ್ರದ ಬದಿ. ಬೊಳೂರು, ಉರ್ವದ ಕಡೆ ಉಪ್ಪು ಗಾಳಿಗೆ ಗೇಟು, ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ! ಟವರೂ ಕಬ್ಬಿಣವೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕರಾವಳಿಯಲ್ಲಿ ಗಾಳಿ ಹೇಗಿತ್ತು ನೆನಪುಂಟಲ್ಲ. ಹಳೆಯ ಬಿಲ್ಡಿಂಗಿನ ಮೇಲೆ ಟವರ್ ನಿಲ್ಲಿಸುವ ಮೊದಲು, ಆ ಬಿಲ್ಡಿಂಗ್ ಈ ಭಾರ ಹೊರುತ್ತದೆ ಎಂದು ಇಂಜಿನಿಯರ್ ಕೊಟ್ಟ ಸರ್ಟಿಫಿಕೇಟು ಬೇಕು. ಸಿಡಿಲಿಗೆ ತಡೆ ಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಉರ್ವದಲ್ಲಿ ಟವರಿನ ಬಗ್ಗೆ ಮೊದಲು ಕೇಳಬೇಕಾದ ಕಾಗದ ಇದೇ.

ಅಲೆಯ ವಿಷಯದಲ್ಲಿ ಎಚ್ಚರವೇ ಬೇಡ ಎಂದು ನಾವು ಹೇಳುವುದಿಲ್ಲ. ಟವರಿನ ಮೇಲೆ ಉದ್ದನೆಯ ಬಿಳಿ ಡಬ್ಬ ಕಾಣುತ್ತದೆ, ನೆಟ್ಟಗೆ ನಿಲ್ಲಿಸಿದ ಹಲಗೆಯ ಹಾಗೆ. ಅದೇ ಆಂಟೆನಾ. ಅಲೆ ಹೊರಡುವುದು ಅದರ ಮುಖದಿಂದ. ಬ್ಯಾಟರಿ ಲೈಟಿನ ಹಾಗೆ ಅದು ಎದುರಿಗೆ ಹೋಗುತ್ತದೆ, ಸ್ವಲ್ಪ ಕೆಳಗೆ ಬಾಗಿ. ನೇರ ಕೆಳಗೆ ಬೀಳುವುದು ಕಡಿಮೆ. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಟವರಿನ ಕೆಳಗಿನ ದಾರಿಯಲ್ಲಿ ಬಸುರಿ ಹೆಂಗಸು ನಡೆದು ಹೋದರೆ ಏನೂ ಆಗುವುದಿಲ್ಲ. ದೂರ ಹೋದಷ್ಟೂ ಬಲ ಕಡಿಮೆಯಾಗುತ್ತದೆ. ದೂರ ಎರಡು ಪಟ್ಟು ಆದರೆ ಬಲ ಕಾಲು ಪಾಲಿಗೆ ಇಳಿಯುತ್ತದೆ.

ಜಾಗ್ರತೆ ಬೇಕಾದದ್ದು ಆಂಟೆನಾದ ಎದುರಿಗೆ, ಅದೇ ಎತ್ತರದಲ್ಲಿ, ಹತ್ತಿರ ಇರುವ ಜಾಗದಲ್ಲಿ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ 2013ರಲ್ಲಿ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿತು. ಒಂದು ಆಂಟೆನಾ ಇದ್ದರೆ ಅದರ ಎದುರಿಗೆ ಅದೇ ಎತ್ತರದಲ್ಲಿ 20 ಮೀಟರ್ ಒಳಗೆ ಮನೆ ಇರಬಾರದು, ಎರಡು ಇದ್ದರೆ 35 ಮೀಟರ್ ಎಂದು ಅದರಲ್ಲಿ ಹೇಳಿದ್ದರು. 20 ಮೀಟರ್ ಎಂದರೆ ಎಷ್ಟು? ನಾಲ್ಕು ಸೀರೆ ಉದ್ದಕ್ಕೆ ಬಿಡಿಸಿ ಹಾಸಿದರೆ ಆಗುವಷ್ಟು.

ಇದು ಹೆಂಗಸರಿಗೇ ಸೇರಿದ ವಿಷಯ. ಟೆರೇಸಿಗೆ ಹತ್ತುವುದು ಯಾರು? ಬಟ್ಟೆ ಒಣಗಿಸಲಿಕ್ಕೆ ನಾವು. ಹಲಸಿನ ಹಪ್ಪಳ, ಸಂಡಿಗೆ ಹಾಕಿ ಕಾಗೆ ಓಡಿಸುತ್ತಾ ಬೇಸಗೆ ಇಡೀ ಕೂರುವುದೂ ನಾವು. ಟವರ್ ಇರುವ ಟೆರೇಸಿನಲ್ಲಿ ಬೋರ್ಡ್ ಇರಬೇಕು, ಬೇಲಿ ಇರಬೇಕು, ಬಾಗಿಲಿಗೆ ಬೀಗ ಇರಬೇಕು. ಬೋರ್ಡಿನಲ್ಲಿ "ಅಪಾಯ" ಎಂದು ಬರೆದದ್ದನ್ನು ಈಗ ನೀವೇ ಓದಬಲ್ಲಿರಿ. ಬೇಲಿಯ ಒಳಗೆ ಹೋಗಬೇಡಿ. ಆಂಟೆನಾದ ಮುಖದ ಎದುರು ನಿಂತು ಕೆಲಸ ಮಾಡಬೇಡಿ. ಮಕ್ಕಳು ಗಾಳಿಪಟ ಹಿಡಿದು ಹತ್ತದ ಹಾಗೆ ನೋಡಿ. ಟವರಿನ ತುದಿಯ ಕೆಂಪು ದೀಪ ನೋಡಿ ಕೆಲವರು ಹೆದರುತ್ತಾರೆ. ಅದು ವಿಮಾನದವರಿಗೆ ಕಾಣಲಿ ಎಂದು ಇಟ್ಟದ್ದು, ನಮಗೆ ಎಚ್ಚರಿಕೆ ಕೊಡಲಿಕ್ಕೆ ಅಲ್ಲ.

ಒಂದು ತಮಾಷೆ ನೋಡಿ. ಟವರ್ ದೂರ ಇದ್ದರೆ ನಮ್ಮ ಕೈಯ ಫೋನು ಹೆಚ್ಚು ಜೋರಾಗಿ ಅಲೆ ಬಿಡುತ್ತದೆ. ದೂರದವರನ್ನು ಕರೆಯುವಾಗ ನಾವು ಬೊಬ್ಬೆ ಹೊಡೆಯುವುದಿಲ್ಲವಾ, ಹಾಗೆ. ಟವರನ್ನು ಊರಾಚೆ ಓಡಿಸಿದರೆ, ಕಿವಿಗೆ ಒತ್ತಿದ ಫೋನಿನಿಂದ ತಲೆಗೆ ಬರುವ ಅಲೆ ಹೆಚ್ಚಾಗುತ್ತದೆ. ಸಿಗ್ನಲ್ ಒಂದೇ ಕಡ್ಡಿ ತೋರಿಸುವಾಗ ಉದ್ದ ಮಾತು ಬೇಡ. ಸ್ಪೀಕರ್ ಹಾಕಿ ಮಾತಾಡಿ. ಫೋನಿಗೂ ಮಿತಿ ಉಂಟು, ಒಂದು ಕಿಲೋಗೆ 1.6 ವ್ಯಾಟ್ ಎಂದು 2012ರಲ್ಲಿ ಮಾಡಿದ್ದು. ಫೋನಿನಲ್ಲಿ ಸ್ಟಾರ್, ಹ್ಯಾಶ್, 0, 7, ಹ್ಯಾಶ್ ಒತ್ತಿ. ಹೆಚ್ಚಿನ ಫೋನುಗಳಲ್ಲಿ ಆ ಅಂಕಿ ಕಾಣುತ್ತದೆ. ಮುಂದಿನ ತರಗತಿಯಲ್ಲಿ ಎಲ್ಲರೂ ಒತ್ತಿ ನೋಡುವ. ದಶಾಂಶ ಓದುವ ಅಭ್ಯಾಸವೂ ಆಗುತ್ತದೆ.

ಈಗ ತಲೆನೋವಿನ ವಿಷಯ. ಟವರ್ ಬಂದ ಮೇಲೆ ತಲೆನೋವು, ನಿದ್ರೆ ಇಲ್ಲ, ಸುಸ್ತು ಎಂದು ಹೇಳುವವರು ತುಂಬಾ ಮಂದಿ. ಅವರ ನೋವು ಸುಳ್ಳಲ್ಲ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಹೇಳಿತು: ತೊಂದರೆ ನಿಜ, ಆದರೆ ಅದಕ್ಕೆ ಅಲೆಯೇ ಕಾರಣ ಎಂದು ತೋರಿಸಲಿಕ್ಕೆ ಆಧಾರ ಇಲ್ಲ. ಇಂಥವರನ್ನು ಕೂರಿಸಿ, ಗೊತ್ತಾಗದ ಹಾಗೆ ಯಂತ್ರ ಒಮ್ಮೆ ಹಾಕಿ, ಒಮ್ಮೆ ತೆಗೆದು ಪರೀಕ್ಷೆ ಮಾಡಿದ್ದಾರೆ. ಅಲೆ ಯಾವಾಗ ಇತ್ತು, ಯಾವಾಗ ಇರಲಿಲ್ಲ ಎಂದು ಅವರಿಗೆ ಹೇಳಲಿಕ್ಕೆ ಆಗಲಿಲ್ಲ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಟವರಿಗೆ ಹೆದರಿ ಎರಡು ವರ್ಷ ಆ ಬದಿಯ ಕಿಟಕಿಯನ್ನೇ ತೆರೆಯಲಿಲ್ಲ. ವಿಕಿರಣ ತಡೆಯುತ್ತದೆ ಎಂದು ಯಾರೋ ಮಾರಿದ ಸ್ಟಿಕ್ಕರಿಗೆ ದುಡ್ಡು ಕೊಟ್ಟರು. ತಲೆನೋವು ಹೋಗಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದಾಗ ಬಿ.ಪಿ. ಬಹಳ ಹೆಚ್ಚಿತ್ತು. ಎರಡು ವರ್ಷ ಮಾತ್ರೆ ಇಲ್ಲದೆ ಕಳೆದುಹೋಯಿತು. ನಮಗೆ ಟವರಿಗಿಂತ ಹೆಚ್ಚು ಹೆದರಿಕೆ ಆಗುವುದು ಇದಕ್ಕೆ. "ಎಲ್ಲ ಟವರಿನಿಂದ" ಎಂದು ಒಂದು ಕಾರಣ ಸಿಕ್ಕಿದರೆ, ನಾವು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಮೊದಲೇ ಹೆಂಗಸರು ತಮ್ಮ ನೋವನ್ನು ಕೊನೆಗೆ ಇಡುವವರು. ನಮ್ಮ ದೇಶದ ಹೆಂಗಸರಲ್ಲಿ ಹೆಚ್ಚು ಕಾಣುವುದು ಎದೆಯ ಕ್ಯಾನ್ಸರ್, ಅದರ ನಂತರ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಎರಡನ್ನೂ ಬೇಗ ಕಂಡುಹಿಡಿದರೆ ಗುಣಪಡಿಸಬಹುದು. ಎದೆಯಲ್ಲಿ ಗಂಟು ಸಿಕ್ಕಿದರೆ, ಮುಟ್ಟು ನಿಂತ ಮೇಲೂ ರಕ್ತ ಹೋದರೆ, ಮಾರನೇ ದಿನವೇ ತೋರಿಸಿ. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರ ಆಗಬಹುದು, ಲೇಡಿಗೋಶನ್ ಆಗಬಹುದು. ನಾಚಿಕೆ ಬೇಡ ಮಾರಾಯ್ರೆ.

ಕೋರ್ಟು ಎಂತ ಹೇಳಿದೆ ಎಂದು ಕೇಳಿದಿರಿ. ಬೇರೆ ಬೇರೆ ಹೇಳಿದೆ. 2006ರಲ್ಲಿ ಕೇರಳ ಹೈಕೋರ್ಟು, ಆರೋಗ್ಯಕ್ಕೆ ಹಾನಿ ಎಂಬ ಆಧಾರ ಇಲ್ಲದೆ ಪಂಚಾಯತಿಯವರು ಟವರ್ ತಡೆಯುವ ಹಾಗಿಲ್ಲ ಎಂದಿತು. 2012ರಲ್ಲಿ ರಾಜಸ್ಥಾನ ಹೈಕೋರ್ಟು ಶಾಲೆ, ಆಸ್ಪತ್ರೆಗಳಿಂದ ಟವರ್ ತೆಗೆಯಿರಿ ಎಂದಿತು. 2017ರಲ್ಲಿ ಗ್ವಾಲಿಯರಿನ ಒಬ್ಬ ಮನೆಕೆಲಸದವರು ಸುಪ್ರೀಂ ಕೋರ್ಟಿಗೆ ಹೋದರು. ತನಗೆ ಕ್ಯಾನ್ಸರ್ ಬಂದದ್ದು ಪಕ್ಕದ ಟವರಿನಿಂದ ಎಂದು ಅವರ ದೂರು. ಆ ಒಂದು ಟವರನ್ನು ನಿಲ್ಲಿಸಲು ಕೋರ್ಟು ಹೇಳಿತು. ಟವರಿನಿಂದ ಕ್ಯಾನ್ಸರ್ ಎಂದು ಸಾಬೀತಾಯಿತು ಎಂದು ಅದರ ಅರ್ಥ ಅಲ್ಲ. ಆದರೆ ಒಬ್ಬ ಮನೆಕೆಲಸದವರ ಅರ್ಜಿಯನ್ನು ದೇಶದ ದೊಡ್ಡ ಕೋರ್ಟು ಕೇಳಿತು, ಅದು ಸಣ್ಣ ಮಾತಲ್ಲ. 2021ರಲ್ಲಿ ಜೂಹಿ ಚಾವ್ಲಾ, ನಮ್ಮ 'ಪ್ರೇಮಲೋಕ' ಸಿನಿಮಾದವರು, 5ಜಿ ಬೇಡ ಎಂದು ದೆಹಲಿ ಹೈಕೋರ್ಟಿಗೆ ಹೋದರು. ಸರಿಯಾದ ಆಧಾರ ಇಲ್ಲ ಎಂದು ಕೋರ್ಟು 20 ಲಕ್ಷ ದಂಡ ಹಾಕಿತು. ಮರು ವರ್ಷ ಅದು 2 ಲಕ್ಷಕ್ಕೆ ಇಳಿಯಿತು. ಅದೇ 2021ರಲ್ಲಿ, 5ಜಿ ಟವರಿನಿಂದ ಕೊರೊನಾ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡಿತು. ಆಗ ನಮ್ಮ ದೇಶದಲ್ಲಿ ಜನರಿಗೆ 5ಜಿ ಬಂದೇ ಇರಲಿಲ್ಲ! ಅದು ಶುರುವಾದದ್ದು 2022ರ ಅಕ್ಟೋಬರಿನಲ್ಲಿ.

ಬಾಡಿಗೆಯ ಫೋನಿನ ವಿಷಯ ಬಿಟ್ಟುಹೋಗಬಾರದು. "ನಿಮ್ಮ ಜಾಗ ಆಯ್ಕೆ ಆಗಿದೆ, ಲಕ್ಷಗಟ್ಟಲೆ ಮುಂಗಡ ಕೊಡುತ್ತೇವೆ, ಮೊದಲು ಅರ್ಜಿ ಫೀಸು ಕಟ್ಟಿ" ಎಂದರೆ ಅದು ಮೋಸ. ಬಾಡಿಗೆ ಕೊಡುವವರು ನಮ್ಮಿಂದ ದುಡ್ಡು ಕೇಳುವುದಿಲ್ಲ. ಸರಕಾರದ ಮುದ್ರೆ ಇರುವ ಕಾಗದ ಫೋನಿಗೆ ಕಳಿಸಿದರೂ ನಂಬಬೇಡಿ. ಟವರಿಗೆ ಜಾಗ ಕೊಡುವವರಿಗೆ ಅಂಥ ಪತ್ರವನ್ನು ಟ್ರಾಯ್ ಎಂಬ ಸರಕಾರಿ ಸಂಸ್ಥೆ ಕೊಡುವುದೇ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930 ನಂಬರಿಗೆ ಫೋನ್ ಮಾಡಿ.

ಹಾಗಾದರೆ ಪಕ್ಕದ ಟೆರೇಸಿಗೆ ಟವರ್ ಬಂದರೆ ಮಾಡುವುದೆಂತ? ಮಹಾನಗರ ಪಾಲಿಕೆ ಕಚೇರಿ ನಮಗೆ ದೂರ ಇಲ್ಲ, ಇಲ್ಲೇ ಲಾಲ್‌ಬಾಗಿನಲ್ಲಿ. ಬೀದಿಯ ಐದಾರು ಜನ ಸೇರಿ ಹೋಗಿ. ಅನುಮತಿ ಕೊಟ್ಟಿದ್ದೀರಾ ಎಂದು ಕೇಳಿ. ಜಿಲ್ಲಾಧಿಕಾರಿಯವರಿಗೂ ದೂರು ಕೊಡಬಹುದು. ಅಲೆ ಮಿತಿಯ ಒಳಗೆ ಉಂಟಾ ಎಂದು ನೋಡಲಿಕ್ಕೆ ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ್ ಸಂಚಾರ್' ಎಂಬ ವೆಬ್‌ಸೈಟ್ ತೆರೆಯಿತು. ಯಾವ ಟವರ್ ಎಲ್ಲಿದೆ ಎಂದು ಅದರಲ್ಲಿ ಕಾಣುತ್ತದೆ. ಶುಲ್ಕ ಕಟ್ಟಿದರೆ ನಿಮ್ಮ ಮನೆಯ ಹತ್ತಿರವೇ ಬಂದು ಅಳೆಯುವ ವ್ಯವಸ್ಥೆಯನ್ನೂ ಮಾಡಿದರು. ಶುರುವಿನಲ್ಲಿ ಇಟ್ಟ ಶುಲ್ಕ 4000 ರೂಪಾಯಿ. ಒಂದು ಮನೆಗೆ ಅದು ಹೆಚ್ಚಾಯಿತು. ಬಡವರ ಬೀದಿಯಲ್ಲಿ ಸರಕಾರವೇ ಪುಕ್ಕಟೆ ಅಳೆದು, ಅಂಕಿಯನ್ನು ಬೋರ್ಡಿನಲ್ಲಿ ಬರೆದು ಹಾಕಬೇಕು ಎಂದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ 20 ಮನೆಯವರು ಸೇರಿದರೆ ಮನೆಗೆ 200 ರೂಪಾಯಿ. ಸ್ವಸಹಾಯ ಸಂಘದ ಸಭೆಯಲ್ಲಿ ಮಾತಾಡಬಹುದು.

ಇನ್ನು, ಮಾಹಿತಿ ಹಕ್ಕಿನ ಕಾಯಿದೆ 2005ರಲ್ಲಿ ಬಂದಿದೆ. ಅದರ ಅರ್ಜಿ ಹೀಗೆ ಬರೆಯಿರಿ. ಸ್ಲೇಟಿನಲ್ಲಿ ಒಮ್ಮೆ ಬರೆದು, ಆಮೇಲೆ ಕಾಗದದಲ್ಲಿ ಬರೆಯಿರಿ.

"ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ, ಮಹಾನಗರ ಪಾಲಿಕೆ, ಮಂಗಳೂರು.
ಮಾನ್ಯರೇ, ನಮ್ಮ ಬೀದಿಯ ಈ ಕಟ್ಟಡದ ಮೇಲೆ ಮೊಬೈಲ್ ಟವರ್ ಹಾಕಿದ್ದಾರೆ. ಅದಕ್ಕೆ ಕೊಟ್ಟ ಅನುಮತಿ ಪತ್ರದ ನಕಲು ಕೊಡಿ. ಕಟ್ಟಡ ಭಾರ ಹೊರುತ್ತದೆ ಎಂಬ ಇಂಜಿನಿಯರರ ಸರ್ಟಿಫಿಕೇಟಿನ ನಕಲು ಕೊಡಿ. ಜನರೇಟರ್ ಇಡಲು ಅನುಮತಿ ಇದ್ದರೆ ಅದರ ನಕಲು ಕೊಡಿ.
ಇಂತಿ,"

ಕೆಳಗೆ ನಿಮ್ಮ ಹೆಸರು, ವಿಳಾಸ, ತಾರೀಕು ಬರೆದು ಸಹಿ ಹಾಕಿ. ಹೆಬ್ಬೆಟ್ಟು ಒತ್ತಬೇಡಿ, ಸಹಿಯೇ ಹಾಕಿ. ಕಟ್ಟಡದ ಹೆಸರು ಬರೆಯಲು ಮರೆಯಬೇಡಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ, ಕಾರ್ಡಿನ ಜೆರಾಕ್ಸ್ ಇಟ್ಟರೆ ಸಾಕು. 30 ದಿನದ ಒಳಗೆ ಉತ್ತರ ಕೊಡಬೇಕು. ಅರ್ಜಿ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲ್ ಹಾಕಿಸಿ, ಮನೆಗೆ ತಂದು ರೇಶನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.